‘ಅಬಿಗೇಲ್’ (2024): ನೋಡಿದವರು ಏನಂತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತ ಜಾಸ್ತಿ, ನಗು ಅದಕ್ಕಿಂತ ಸ್ವಲ್ಪ ಕಮ್ಮಿ, ಹೆದರಿಕೆ ಇನ್ನೂ ಕಮ್ಮಿ. ‘ಅಬಿಗೇಲ್’ ಅನ್ನುವ ಹಾಲಿವುಡ್ ಹಾರರ್ ಸಿನಿಮಾ ನೋಡಿದವರ ಮಾತು ಒಟ್ಟು ಹಾಕಿದರೆ ಹೆಚ್ಚುಕಮ್ಮಿ ಹೀಗೆ ಬರುತ್ತದೆ. ಆದರೆ ಇದನ್ನೇ ಒಬ್ಬರು ಹೊಗಳಿಕೆಯಾಗಿ ಹೇಳುತ್ತಾರೆ, ಇನ್ನೊಬ್ಬರು ದೂರಾಗಿ ಹೇಳುತ್ತಾರೆ. ಯಾಕೆ ಹಾಗೆ ಅನ್ನುವುದು ಕೆಳಗಿನ ಉತ್ತರಗಳಲ್ಲಿದೆ. ಮೊದಲ ಭಾಗದಲ್ಲಿ ಟ್ರೈಲರ್‌ನಲ್ಲಿ ಬಂದಿದ್ದಕ್ಕಿಂತ ಜಾಸ್ತಿ ಕಥೆ ಬಿಟ್ಟುಕೊಟ್ಟಿಲ್ಲ. ಆಮೇಲಿನದ್ದು ನೋಡಿದವರಿಗೆ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುತ್ತೇನೆ.

ಕಥೆ ಏನು?

ಆರು ಜನ ಕಳ್ಳರು. ಒಬ್ಬರಿಗೊಬ್ಬರ ಪರಿಚಯ ಇಲ್ಲ, ನಿಜವಾದ ಹೆಸರೂ ಗೊತ್ತಿಲ್ಲ. ಯಾರೋ ದೊಡ್ಡ ಕುಳದ ಹನ್ನೆರಡು ವರ್ಷದ ಮಗಳನ್ನು ಎತ್ತಿಕೊಂಡು ಊರಾಚೆಯ ಹಳೇ ಬಂಗಲೆಗೆ ತರುತ್ತಾರೆ. 24 ಗಂಟೆ ಕಾವಲು ಕಾಯಬೇಕು. ಐದು ಕೋಟಿ ಡಾಲರ್ ಬರುತ್ತದೆ, ಹಂಚಿಕೊಂಡು ಅವರವರ ದಾರಿ ಹಿಡಿಯಬೇಕು. ಹುಡುಗಿಯ ಹೆಸರು ಅಬಿಗೇಲ್, ಬ್ಯಾಲೆ ಕುಣಿಯುವವಳು, ಆ ಡ್ರೆಸ್‌ನಲ್ಲೇ ಇದ್ದಾಳೆ. ರಾತ್ರಿ ಬೆಳೆದ ಹಾಗೆ ಹೆಣ ಬೀಳತೊಡಗುತ್ತವೆ. ಬಂಗಲೆಯ ಬಾಗಿಲು, ಕಿಟಕಿ ಎಲ್ಲ ತಾವಾಗಿ ಮುಚ್ಚಿಕೊಳ್ಳುತ್ತವೆ. ಹುಡುಗಿಯನ್ನು ಕೂಡಿ ಹಾಕಿದ್ದೇವೆ ಅಂದುಕೊಂಡವರು ಅವಳ ಜೊತೆ ತಾವೇ ಸಿಕ್ಕಿಬಿದ್ದಿರುತ್ತಾರೆ. ಹುಡುಗಿ ವ್ಯಾಂಪೈರ್, ಅಂದರೆ ರಕ್ತ ಹೀರುವ ಪಿಶಾಚಿ.

ನಿರ್ದೇಶಕರು ಇಬ್ಬರು: ಮ್ಯಾಟ್ ಬೆಟಿನೆಲ್ಲಿ-ಓಲ್ಪಿನ್ ಮತ್ತು ಟೈಲರ್ ಜಿಲೆಟ್. ರೇಡಿಯೋ ಸೈಲೆನ್ಸ್ ಅನ್ನುವ ತಂಡದವರು. ಬರೆದವರು ಸ್ಟೀಫನ್ ಶೀಲ್ಡ್ಸ್ ಮತ್ತು ಗೈ ಬ್ಯೂಸಿಕ್. ಅಮೆರಿಕದಲ್ಲಿ 2024ರ ಏಪ್ರಿಲ್ 19ಕ್ಕೆ ಬಿಡುಗಡೆ ಆಯಿತು. ಒಟ್ಟು 109 ನಿಮಿಷ.

ಟ್ರೈಲರ್ ಎಲ್ಲ ಹಾಳು ಮಾಡಿತು ಅಂತಾರಲ್ಲ, ನಿಜವಾ?

ಈ ಸಿನಿಮಾದ ಬಗ್ಗೆ ಜನ ಅತಿ ಜಾಸ್ತಿ ಮಾತಾಡಿದ್ದು ಇದನ್ನೇ. ನನ್ನ ಉತ್ತರ: ಹೌದು, ಮುಕ್ಕಾಲು ಪಾಲು ನಿಜ.

ಕಥೆ ಕಟ್ಟಿರುವ ರೀತಿ ನೋಡಿ. ಶುರುವಿನಲ್ಲಿ ಇದು ಅಪ್ಪಟ ಕಿಡ್ನಾಪ್ ಕಥೆ. ಮುಖವಾಡ, ವ್ಯಾನ್, ಸೂಜಿ ಚುಚ್ಚಿ ಎಚ್ಚರ ತಪ್ಪಿಸುವುದು, ಬಂಗಲೆ. ಆಮೇಲೆ ಹುಡುಗಿಯ ಅಪ್ಪ ಯಾರು ಅಂತ ಗೊತ್ತಾಗಿ ಕಳ್ಳರ ಬೆವರಿಳಿಯುತ್ತದೆ. ಒಬ್ಬ ಸಾಯುತ್ತಾನೆ. ಅಪ್ಪನ ಕಡೆಯ ಕೊಲೆಗಾರ ಒಳಗೆ ಬಂದಿದ್ದಾನಾ, ನಮ್ಮಲ್ಲೇ ಒಬ್ಬನಾ ಅಂತ ಒಬ್ಬರ ಮೇಲೊಬ್ಬರು ಸಂಶಯ ಪಡುತ್ತಾರೆ. ಹುಡುಗಿ ಬಾಯಿ ತೆರೆದು ಹಲ್ಲು ತೋರಿಸುವುದು ಇದೆಲ್ಲ ಆದ ಮೇಲೆ. ನಮ್ಮ ಥಿಯೇಟರ್‌ನಲ್ಲಾದರೆ ಸರಿಯಾಗಿ ಇಂಟರ್ವಲ್ ಬೋರ್ಡ್ ಬೀಳಬೇಕಾದ ಜಾಗ ಅದು.

ಈಗ ಟ್ರೈಲರ್ ನೋಡಿ ಬಂದವರ ಪಾಡು ಯೋಚಿಸಿ. ಪೋಸ್ಟರ್‌ನಲ್ಲೇ ರಕ್ತ ಮೆತ್ತಿದ ಬ್ಯಾಲೆ ಹುಡುಗಿ ಇದ್ದಾಳೆ. ತೆರೆ ಮೇಲಿನ ಆರೂ ಜನ ತಲೆ ಕೆಡಿಸಿಕೊಳ್ಳುತ್ತಿರುವ ಪ್ರಶ್ನೆಗೆ ಇವರಿಗೆ ಆಗಲೇ ಉತ್ತರ ಗೊತ್ತು. ಹಾಗಾಗಿ ಮೊದಲ ಮುಕ್ಕಾಲು ಗಂಟೆ ಬಸ್ಸಿಗೆ ಕಾದ ಹಾಗೆ ಅನಿಸುತ್ತದೆ. ‘ಫಸ್ಟ್ ಹಾಫ್ ನಿಧಾನ’ ಅಂದವರಲ್ಲಿ ಹೆಚ್ಚಿನವರು ಟ್ರೈಲರ್ ನೋಡಿಕೊಂಡೇ ಬಂದವರು. ಏನೂ ಗೊತ್ತಿಲ್ಲದೆ ಕೂತವರು ಅದೇ ಭಾಗವನ್ನು ಚೆನ್ನಾಗಿದೆ ಅನ್ನುತ್ತಾರೆ.

ಕಂಪನಿಯ ಕಷ್ಟವೂ ಅರ್ಥ ಆಗುತ್ತದೆ ಬಿಡಿ. ‘ಇದೊಂದು ಕಿಡ್ನಾಪ್ ಸಿನಿಮಾ’ ಅಂತ ಮಾರಲು ಹೋದರೆ ಯಾರು ಟಿಕೆಟ್ ತಗೊಳ್ತಾರೆ? ಬ್ಯಾಲೆ ಡ್ರೆಸ್‌ನ ವ್ಯಾಂಪೈರ್ ಹುಡುಗಿ ಅಂದರೆ ಒಂದೇ ಚಿತ್ರದಲ್ಲಿ ಸಿನಿಮಾ ಮಾರಾಟ ಆಗುತ್ತದೆ. 1996ರ ‘ಫ್ರಮ್ ಡಸ್ಕ್ ಟಿಲ್ ಡಾನ್’ ಕೂಡ ಅರ್ಧದವರೆಗೆ ದರೋಡೆಕೋರರ ಕಥೆ, ಆಮೇಲೆ ಇದ್ದಕ್ಕಿದ್ದಂತೆ ವ್ಯಾಂಪೈರ್ ಕಥೆ. ‘ಅಬಿಗೇಲ್’ ನೋಡಿದವರು ಎಲ್ಲಕ್ಕಿಂತ ಹೆಚ್ಚಾಗಿ ಅದರ ಹೆಸರೇ ಎತ್ತುತ್ತಾರೆ.

ಒಂದು ಸಮಾಧಾನ ಇದೆ. ಗುಟ್ಟು ಗೊತ್ತಿದ್ದರೆ ಹುಡುಗಿಯ ನಟನೆಯನ್ನು ಮೊದಲಿನಿಂದಲೇ ಬೇರೆ ಕಣ್ಣಲ್ಲಿ ನೋಡಬಹುದು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಕೈಗೆ ಬೇಡಿ ಹಾಕಿಸಿಕೊಂಡು ಕೂತ ಹುಡುಗಿ ಕಳ್ಳರ ಗುಂಪಿನಲ್ಲಿ ತನ್ನನ್ನು ನೋಡಿಕೊಳ್ಳುವ ಜೋಯಿಗೆ ಮೆಲ್ಲಗೆ ಹೇಳುತ್ತಾಳೆ: ನಿಮಗೆ ಆಗಲಿರುವುದನ್ನು ನೆನೆದರೆ ಬೇಜಾರಾಗುತ್ತದೆ ಅಂತ. ಗೊತ್ತಿಲ್ಲದವರಿಗೆ ಅದು ಅಪ್ಪನ ಬೆದರಿಕೆ. ಗೊತ್ತಿದ್ದವರಿಗೆ ಅಲ್ಲಿಂದಲೇ ನಗು ಶುರು.

ನಿಜವಾಗಲೂ ಹೆದರಿಕೆ ಆಗುತ್ತದಾ?

ಇಲ್ಲ. ಒಂದೆರಡು ಕಡೆ ಬೆಚ್ಚಿ ಬೀಳುತ್ತೀರಿ, ಅಷ್ಟೇ. ರಾತ್ರಿ ನಿದ್ದೆ ಕೆಡಿಸುವ ಸಿನಿಮಾ ಬೇಕಾದವರು ಬೇರೆ ಏನಾದರೂ ಹುಡುಕಿಕೊಳ್ಳಿ.

ಹಾಸ್ಯ ಯಾವ ಥರದ್ದು?

ಜೋಕ್ ಹೊಡೆಯುವ ಥರದ್ದಲ್ಲ. ದಡ್ಡರು ದೊಡ್ಡ ಆಪತ್ತಿನಲ್ಲಿ ಸಿಕ್ಕಿಬಿದ್ದಾಗ ಹುಟ್ಟುವ ನಗು.

ಒಂದು ದೃಶ್ಯವನ್ನು ಎಲ್ಲರೂ ನೆನೆಸಿಕೊಳ್ಳುತ್ತಾರೆ. ಹುಡುಗಿ ವ್ಯಾಂಪೈರ್ ಅಂತ ಖಾತ್ರಿಯಾಗಿದೆ. ಉಳಿದವರು ಒಂದೆಡೆ ಸೇರಿ, ವ್ಯಾಂಪೈರ್ ಬಗ್ಗೆ ನಮಗೆ ಏನು ಗೊತ್ತು ಅಂತ ಲೆಕ್ಕ ಹಾಕುತ್ತಾರೆ. ಗೊತ್ತಿರುವುದೆಲ್ಲ ಸಿನಿಮಾ, ಟಿವಿ, ಕಾದಂಬರಿಯಿಂದ ಬಂದದ್ದು. ಒಬ್ಬೊಬ್ಬರ ವ್ಯಾಂಪೈರ್ ಒಂದೊಂದು ಥರ. ಯಾವುದನ್ನು ನಂಬಬೇಕು? ಸರಿ, ಎಲ್ಲವನ್ನೂ ಟ್ರೈ ಮಾಡೋಣ ಅಂತ ತೀರ್ಮಾನ. ಮರದ ಗೂಟ, ಶಿಲುಬೆ, ಬೆಳ್ಳುಳ್ಳಿ. ಬೆಳ್ಳುಳ್ಳಿ ತರಲು ಹೋದ ಸ್ಯಾಮಿ ಜಂಬದಿಂದ ತಂದು ತೋರಿಸುತ್ತಾಳೆ. ನೋಡಿದರೆ ಈರುಳ್ಳಿ! ಶ್ರೀಮಂತರ ಮನೆಯ ಹುಡುಗಿ, ಕಂಪ್ಯೂಟರ್ ಹ್ಯಾಕ್ ಮಾಡಿಯೇ ಬದುಕಿದವಳು, ಅಡುಗೆಮನೆ ಕಡೆ ತಲೆ ಹಾಕಿದವಳಲ್ಲ. ಅವಳ ಇಡೀ ಹಿನ್ನೆಲೆ ಆ ಒಂದು ಈರುಳ್ಳಿಯಲ್ಲಿ ಬಂದುಬಿಡುತ್ತದೆ. ಸ್ಯಾಮಿ ಪಾತ್ರ ಮಾಡಿದ ಕ್ಯಾಥ್ರಿನ್ ನ್ಯೂಟನ್ ಮುಖದಲ್ಲಿ ‘ಅದಕ್ಕೇನೀಗ?’ ಅನ್ನುವ ಭಾವ.

ಪೀಟರ್ ಪಾತ್ರಕ್ಕೂ ಅಭಿಮಾನಿಗಳು ಜಾಸ್ತಿ. ಆನೆ ಗಾತ್ರದ ಆಳು, ಕುಡುಕ, ಬುದ್ಧಿ ಸ್ವಲ್ಪ ಮಂದ. ಮಾಡಿದವರು ಕೆವಿನ್ ಡ್ಯುರಾಂಡ್. ಮುಂದಿನ ತಿಂಗಳೇ ‘ಕಿಂಗ್‌ಡಮ್ ಆಫ್ ದ ಪ್ಲಾನೆಟ್ ಆಫ್ ದ ಏಪ್ಸ್’ ಬಂತಲ್ಲ, ಅದರಲ್ಲಿ ವಾನರ ರಾಜ ಪ್ರಾಕ್ಸಿಮಸ್ ಸೀಸರ್ ಆಗಿದ್ದವರೂ ಇವರೇ. ಎರಡನ್ನೂ ನೋಡಿದವರಿಗೆ ಒಬ್ಬನೇ ಮನುಷ್ಯ ಅಂತ ನಂಬುವುದು ಕಷ್ಟ.

ರಕ್ತ ಎಷ್ಟು? ನನಗೆ ರಕ್ತ ಕಂಡರೆ ಆಗಲ್ಲ.

ಹಾಗಾದರೆ ಬೇಡ. ಇಲ್ಲಿ ರಕ್ತ ತೊಟ್ಟು ತೊಟ್ಟಾಗಿ ಬರುವುದಿಲ್ಲ, ಬಕೆಟ್‌ಗಟ್ಟಲೆ ಬರುತ್ತದೆ. ರುಂಡ ಬೇರೆ ಮುಂಡ ಬೇರೆ ಆಗುವುದಿದೆ, ಕುತ್ತಿಗೆ ಕಿತ್ತು ತಿನ್ನುವುದಿದೆ. ಸತ್ತ ವ್ಯಾಂಪೈರ್‌ಗಳು ಬೂದಿಯಾಗಿ ಉದುರುವುದಿಲ್ಲ. ಪಟ್ ಅಂತ ಸಿಡಿದು ಗೋಡೆ, ನೆಲ, ಎದುರಿಗೆ ನಿಂತವರ ಮುಖ ಎಲ್ಲಕ್ಕೂ ಬಳಿದುಕೊಳ್ಳುತ್ತಾರೆ. ಇದೇ ನಿರ್ದೇಶಕರ 2019ರ ‘ರೆಡಿ ಆರ್ ನಾಟ್’ ನೋಡಿದವರಿಗೆ ಈ ಸಿಡಿತ ಹೊಸದೇನಲ್ಲ. ಅವರಿಗೆ ಅದು ಕೈ ರುಚಿ ಇದ್ದ ಹಾಗೆ.

ರಕ್ತಕ್ಕಿಂತ ಅಸಹ್ಯ ಹುಟ್ಟಿಸುವುದು ಈಜುಕೊಳ. ಬಂಗಲೆಯೊಳಗೊಂದು ಕೊಳ ಇದೆ, ಅದರಲ್ಲಿ ನೀರಿನ ಬದಲು ಕೊಳೆತ ಹೆಣಗಳು. ಸ್ಯಾಮಿ ಅದರೊಳಗೆ ಬೀಳುತ್ತಾಳೆ. ಮೇಲೆ ಬರಲು ಹೆಣಗಳನ್ನೇ ಹಿಡಿದುಕೊಳ್ಳಬೇಕು, ಅವು ಕೈಯಲ್ಲಿ ಜಾರುತ್ತವೆ. ತಲೆ ಕಡಿದಾಗ ನಕ್ಕವರೂ ಇಲ್ಲಿ ಮುಖ ತಿರುಗಿಸಿದರು. ತಿನ್ನುತ್ತಾ ನೋಡುವ ಅಭ್ಯಾಸ ಇದ್ದವರು ಈ ಹೊತ್ತಿಗೆ ತಟ್ಟೆ ಖಾಲಿ ಮಾಡಿಟ್ಟುಕೊಂಡಿರುವುದು ಒಳ್ಳೆಯದು.

ಮನೆಯವರ ಜೊತೆ ಕೂತು ನೋಡಬಹುದಾ?

ಮಕ್ಕಳ ಜೊತೆ ಖಂಡಿತ ಬೇಡ. ಅಮೆರಿಕದಲ್ಲಿ ಇದಕ್ಕೆ ಆರ್ ರೇಟಿಂಗ್. ಹಿಂಸೆ, ರಕ್ತ, ಮಾತಿಗೊಂದು ಬೈಗುಳ, ಮಾದಕ ವಸ್ತು ಎಲ್ಲ ಇದೆ. ಪೋಸ್ಟರ್‌ನಲ್ಲಿ ಚಿಕ್ಕ ಹುಡುಗಿ ಕಂಡು ಮೋಸ ಹೋಗಬೇಡಿ. ಅಪ್ಪ ಅಮ್ಮನ ಜೊತೆ ನೋಡುವುದು ನಿಮ್ಮ ಧೈರ್ಯಕ್ಕೆ ಬಿಟ್ಟಿದ್ದು.

ಚಿಕ್ಕ ಹುಡುಗಿಯನ್ನು ಕಿಡ್ನಾಪ್ ಮಾಡುವುದು, ಹೊಡೆಯುವುದು ನೋಡಿ ಹಿಂಸೆ ಅನಿಸಲ್ವಾ?

ಒಳ್ಳೆಯ ಪ್ರಶ್ನೆ. ಕೆಲವರಿಗೆ ಅನಿಸಿದೆ. ಅದರಲ್ಲೂ ಮಕ್ಕಳಿರುವವರಿಗೆ ಶುರುವಿನ ಕಿಡ್ನಾಪ್ ಭಾಗ ಕಷ್ಟ ಕೊಟ್ಟಿದೆ.

ಆದರೆ ಸಿನಿಮಾ ಇದನ್ನು ಬೇಕಂತಲೇ ಬಳಸಿಕೊಂಡಿದೆ ಅಂತ ನನಗನಿಸುತ್ತದೆ. ದುಡ್ಡಿಗಾಗಿ ಮಗುವನ್ನು ಎತ್ತಿಕೊಂಡು ಬಂದವರ ಮೇಲೆ ನಮಗೆ ಮೊದಲೇ ಕರುಣೆ ಇರುವುದಿಲ್ಲ. ಹುಡುಗಿ ಅವರನ್ನು ಓಡಿಸಿ ಓಡಿಸಿ ಹಿಡಿಯುವಾಗ ‘ಬೇಕಿತ್ತಾ ಇದು?’ ಅಂತ ಒಳಗೊಳಗೇ ಖುಷಿ ಆಗುತ್ತದೆ. ಅದರಲ್ಲಿ ಸ್ವಲ್ಪ ಬೇರೆಯವಳು ಜೋಯಿ, ಪಾತ್ರ ಮಾಡಿದವರು ಮೆಲಿಸ್ಸಾ ಬರೇರಾ. ಹಿಂದೆ ಸೈನ್ಯದಲ್ಲಿ ವೈದ್ಯಕೀಯ ಕೆಲಸ ಮಾಡಿದವಳು, ಚಟಕ್ಕೆ ಬಿದ್ದು ಮಗನನ್ನು ದೂರ ಮಾಡಿಕೊಂಡವಳು. ಹುಡುಗಿಗೆ ಯಾರೂ ಕೈ ಮಾಡುವಂತಿಲ್ಲ ಅಂತ ಪಟ್ಟು ಹಿಡಿಯುವವಳು ಇವಳೊಬ್ಬಳೇ. ಇಡೀ ಸಿನಿಮಾದ ಅಂತಃಕರಣ ನಿಂತಿರುವುದು ಇವರಿಬ್ಬರ ನಡುವೆ. ಅದು ಇಲ್ಲದಿದ್ದರೆ ಬರೀ ಕಸಾಯಿಖಾನೆ ಆಗುತ್ತಿತ್ತು.

ಹುಡುಗಿ ಯಾರು? ಎಲ್ಲರೂ ಅವಳನ್ನೇ ಹೊಗಳುತ್ತಾರೆ.

ಅಲೀಶಾ ವೇರ್. ಐರ್ಲೆಂಡ್‌ನ ಡಬ್ಲಿನ್ ಹುಡುಗಿ, 2009ರಲ್ಲಿ ಹುಟ್ಟಿದವಳು. 2022ರ ‘ಮಟಿಲ್ಡಾ’ ಸಂಗೀತ ಸಿನಿಮಾದಲ್ಲಿ ಮಟಿಲ್ಡಾ ಆಗಿದ್ದಳು. ಶೂಟಿಂಗ್ ನಡೆದಿದ್ದೂ ಡಬ್ಲಿನ್‌ನಲ್ಲೇ. ಊರಂಚಿನ ಚಾಪೆಲಿಜಾಡ್‌ನಲ್ಲಿರುವ ಗ್ಲೆನ್‌ಮರೂನ್ ಹೌಸ್ ಅನ್ನುವ ಹಳೇ ಮನೆಯನ್ನು ಬಂಗಲೆಯಾಗಿ ತೋರಿಸಿದ್ದಾರೆ.

ಸಿನಿಮಾ ಇಷ್ಟ ಆಗದವರೂ ಇವಳ ಬಗ್ಗೆ ಕೆಟ್ಟ ಮಾತು ಆಡಿಲ್ಲ. ಬಿಕ್ಕಿ ಬಿಕ್ಕಿ ಅಳುವ ಮಗು ಒಂದೇ ಕ್ಷಣದಲ್ಲಿ ದೊಡ್ಡವರ ದನಿಯಲ್ಲಿ, ಬೇಸತ್ತ ಮಾಲೀಕಳ ಥರ ಮಾತಾಡತೊಡಗುತ್ತದೆ. ಮೇಕಪ್ ಹಲ್ಲಿಗಿಂತ ಆ ದನಿ ಬದಲಾವಣೆ ಜಾಸ್ತಿ ಕೆಲಸ ಮಾಡಿದೆ. ಇನ್ನು ಕುಣಿತ. ಬೇಟೆಯಾಡುವಾಗಲೂ ಬ್ಯಾಲೆ ಹೆಜ್ಜೆ ಬಿಡುವುದಿಲ್ಲ. ಜಿಗಿಯುತ್ತಾಳೆ, ಗಿರಗಿರ ತಿರುಗುತ್ತಾಳೆ, ಆಮೇಲೆ ಕಚ್ಚುತ್ತಾಳೆ.

ಆ ಬ್ಯಾಲೆ ಸಂಗೀತ ಯಾವುದು? ಎಲ್ಲೋ ಕೇಳಿದ ಹಾಗಿದೆ.

ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’. ಮೊದಲ ಪ್ರದರ್ಶನ 1877ರಲ್ಲಿ, ಮಾಸ್ಕೋದಲ್ಲಿ. ಸಿನಿಮಾ ಶುರುವಾಗುವುದೇ ಖಾಲಿ ರಂಗಮಂದಿರದಲ್ಲಿ ಹುಡುಗಿ ಒಬ್ಬಳೇ ಇದಕ್ಕೆ ಕುಣಿಯುವುದರಿಂದ.

ಹಳೇ ಹಾರರ್ ಸಿನಿಮಾ ಪ್ರಿಯರಿಗೆ ಇಲ್ಲೊಂದು ಮಜಾ ಇದೆ. ಯೂನಿವರ್ಸಲ್ ಸ್ಟುಡಿಯೋ 1931ರಲ್ಲಿ ಬೇಲಾ ಲುಗೋಸಿಯನ್ನು ಹಾಕಿಕೊಂಡು ‘ಡ್ರಾಕುಲಾ’ ಮಾಡಿತಲ್ಲ, ಅದರ ಶುರುವಿನಲ್ಲಿ ಹೆಸರುಗಳು ಬರುವಾಗ ಕೇಳಿಸುವುದೂ ‘ಸ್ವಾನ್ ಲೇಕ್’ ಸಂಗೀತವೇ. ‘ಅಬಿಗೇಲ್’ ಕೂಡ ಯೂನಿವರ್ಸಲ್‌ನವರದ್ದು.

ಅಂದರೆ ಇದು ಡ್ರಾಕುಲಾ ಕಥೆನಾ?

ದೂರದ ನೆಂಟ. ಅದೇ ಸ್ಟುಡಿಯೋದ 1936ರ ‘ಡ್ರಾಕುಲಾಸ್ ಡಾಟರ್’ ಅನ್ನು ಹೊಸದಾಗಿ ಮಾಡುವ ಯೋಚನೆಯಿಂದ ಇದು ಹುಟ್ಟಿತು. ಕೊನೆಗೆ ಉಳಿದದ್ದು ‘ಭಯಂಕರ ಅಪ್ಪ, ಅವನ ಮಗಳು’ ಅನ್ನುವ ಎಳೆ ಮಾತ್ರ. ಹಳೆಯದನ್ನು ನೋಡಿರಲೇಬೇಕು ಅಂತೇನಿಲ್ಲ.

ಕಳ್ಳರ ಹೆಸರುಗಳಲ್ಲಿ ಏನೋ ಇದೆಯಂತೆ?

ಇದೆ. ಫ್ರಾಂಕ್, ಡೀನ್, ಸ್ಯಾಮಿ, ಪೀಟರ್, ಜೋಯಿ. ಇವು 1960ರ ಹೊತ್ತಿನ ‘ರ‍್ಯಾಟ್ ಪ್ಯಾಕ್’ ಅನ್ನುವ ಅಮೆರಿಕದ ಹಾಡುಗಾರರ, ನಟರ ಗುಂಪಿನ ಹೆಸರುಗಳು: ಫ್ರಾಂಕ್ ಸಿನಾತ್ರಾ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್, ಪೀಟರ್ ಲಾಫರ್ಡ್, ಜೋಯಿ ಬಿಷಪ್. ಆರನೆಯವನು ರಿಕಲ್ಸ್, ಹಾಸ್ಯಗಾರ ಡಾನ್ ರಿಕಲ್ಸ್ ಹೆಸರಿನಲ್ಲಿ. ಕೆಲಸ ಕೊಡುವ ಲ್ಯಾಂಬರ್ಟ್ ಮೊಬೈಲ್‌ಗಳನ್ನು ಕಿತ್ತುಕೊಂಡು ಈ ಹೆಸರು ಹಂಚುತ್ತಾನೆ. ಆ ಪಾತ್ರ ಜಿಯಾನ್‌ಕಾರ್ಲೋ ಎಸ್ಪೊಸಿಟೋ ಅವರದ್ದು. ‘ಬ್ರೇಕಿಂಗ್ ಬ್ಯಾಡ್’ ಸರಣಿಯಲ್ಲಿ ಅವರನ್ನು ಖಳನಾಗಿ ನೋಡಿದವರು ಮುಖ ಕಂಡ ಕೂಡಲೇ ‘ಈತ ಸುಮ್ನೆ ಬಂದಿರಲ್ಲ’ ಅಂದುಕೊಳ್ಳುತ್ತಾರೆ.

ಬಂಗಲೆಯ ಲೈಬ್ರರಿಯಲ್ಲಿ ಅಗಾಥಾ ಕ್ರಿಸ್ಟಿಯ ‘ಆ್ಯಂಡ್ ದೆನ್ ದೇರ್ ವರ್ ನನ್’ ಕಾಣಿಸುತ್ತದೆ. ಒಂದು ಮನೆಗೆ ಕರೆಸಿಕೊಂಡವರು ಒಬ್ಬೊಬ್ಬರಾಗಿ ಸಾಯುವ ಕಾದಂಬರಿ ಅದು. ಗುಟ್ಟು ಬಯಲಾಗುವ ಮೊದಲೇ ಕೊಟ್ಟ ಸುಳಿವು.

ಡೀನ್ ಪಾತ್ರ ಮಾಡಿದ ಹುಡುಗ ತೀರಿಕೊಂಡನಂತೆ?

ಹೌದು. ಆಂಗಸ್ ಕ್ಲೌಡ್, ‘ಯುಫೋರಿಯಾ’ ಸರಣಿಯಿಂದ ಹೆಸರಾದವರು. 2023ರ ಜುಲೈ 31ರಂದು, 25ನೇ ವಯಸ್ಸಿಗೆ ತೀರಿಕೊಂಡರು. ಅದೇ ತಿಂಗಳು ಹಾಲಿವುಡ್ ನಟರ ಮುಷ್ಕರದಿಂದ ಶೂಟಿಂಗ್ ನಿಂತಿತ್ತು. ಸಿನಿಮಾವನ್ನು ಅವರಿಗೆ ಅರ್ಪಿಸಿದ್ದಾರೆ. ತೆರೆ ಮೇಲೆ ಅವರು ಇರುವುದು ಸ್ವಲ್ಪ ಹೊತ್ತು, ಅಷ್ಟರಲ್ಲೇ ಸೋಮಾರಿ ಡ್ರೈವರ್ ಪಾತ್ರಕ್ಕೆ ನಗು ಗಿಟ್ಟಿಸಿದ್ದಾರೆ. ಸುದ್ದಿ ಗೊತ್ತಿದ್ದು ನೋಡಿದವರಿಗೆ ಆ ನಗು ಸಲೀಸಾಗಿ ಬರಲಿಲ್ಲ.

ಹಿಟ್ಟಾ, ಫ್ಲಾಪಾ?

ಎರಡರ ನಡುವೆ. ಸುಮಾರು 2.8 ಕೋಟಿ ಡಾಲರ್ ಖರ್ಚು, ಲೋಕದ ತುಂಬ ಸೇರಿ 4.2 ಕೋಟಿ ಡಾಲರ್ ಆಸುಪಾಸಿನ ಗಳಿಕೆ. ಅದರಲ್ಲಿ ಥಿಯೇಟರ್‌ನವರ ಪಾಲು ಕಳೆದು, ಪ್ರಚಾರದ ಖರ್ಚು ಸೇರಿಸಿದರೆ ಕಂಪನಿ ಕುಣಿದಾಡುವ ಲೆಕ್ಕವಲ್ಲ. ಆದರೆ ಜನ ಬೇಡ ಅಂದ ಸಿನಿಮಾನೂ ಅಲ್ಲ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅನ್ನುವವರು ಮೊದಲ ದಿನ ಥಿಯೇಟರ್‌ನಿಂದ ಹೊರಬರುವವರ ಕೈಲಿ ಗ್ರೇಡ್ ಕೊಡಿಸುತ್ತಾರೆ. ಇದಕ್ಕೆ ಸಿಕ್ಕಿದ್ದು ‘ಬಿ’. ಹಾರರ್ ಸಿನಿಮಾಗಳಿಗೆ ‘ಸಿ’ ಬರುವುದೇ ಮಾಮೂಲು, ಆ ಲೆಕ್ಕದಲ್ಲಿ ಒಳ್ಳೆಯ ಅಂಕವೇ.

ಇಲ್ಲಿಂದ ಮುಂದೆ ನೋಡಿದವರಿಗೆ ಮಾತ್ರ. ನೋಡದವರು ಕೊನೆಯ ಪ್ರಶ್ನೆಗೆ ಹಾರಿ.

ಯಾವುದರಿಂದ ವ್ಯಾಂಪೈರ್ ಸಾಯುತ್ತದೆ ಅನ್ನುವ ನಿಯಮವೇ ಅರ್ಥ ಆಗಲಿಲ್ಲ.

ಬೆಳ್ಳುಳ್ಳಿ, ಶಿಲುಬೆ ಉಪಯೋಗಕ್ಕೆ ಬರುವುದಿಲ್ಲ. ಬಿಸಿಲು ಬಿದ್ದರೆ ಸಿಡಿಯುತ್ತಾರೆ. ಎದೆಗೆ ಗೂಟ ಹೊಡೆದರೂ ಸಾಯುತ್ತಾರೆ. ಇಷ್ಟು ಸ್ಪಷ್ಟ. ಗೊಂದಲ ಶುರುವಾಗುವುದು ಕಚ್ಚಿಸಿಕೊಂಡವರ ವಿಷಯದಲ್ಲಿ. ಅಬಿಗೇಲ್ ಕಚ್ಚಿದ ಮೇಲೆ ಸ್ಯಾಮಿ ಅವಳ ಕೈಗೊಂಬೆ. ಹುಡುಗಿ ಇತ್ತ ಕುಣಿದರೆ ಅವಳೂ ಅತ್ತ ಹಾಗೇ ಕುಣಿಯುತ್ತಾಳೆ. ಸೊಗಸಾದ ದೃಶ್ಯ ಅದು. ಅದೇ ಲ್ಯಾಂಬರ್ಟ್‌ನನ್ನೂ ಕಚ್ಚಿದ್ದು ಅವಳೇ, ಆದರೆ ಅವನು ಬೆನ್ನ ಹಿಂದೆ ಅವಳ ವಿರುದ್ಧವೇ ಸಂಚು ಹೂಡುತ್ತಾನೆ. ಅವನ ಮೇಲೆ ಯಾಕೆ ಆ ಹಿಡಿತ ಇಲ್ಲ? ಕಚ್ಚಿದವನು ಸತ್ತರೆ ಕಚ್ಚಿಸಿಕೊಂಡವರು ಉಳಿಯುತ್ತಾರೆ ಅನ್ನುವುದೂ ಬೇಕಾದ ಹೊತ್ತಿಗೆ ಜೇಬಿನಿಂದ ತೆಗೆದ ಹಾಗಿದೆ. ಬಿಡಿಸಿ ಬಿಡಿಸಿ ನೋಡುವವರಿಗೆ ಇದು ಕಿರಿಕಿರಿ. ನನಗೂ ಆಯಿತು.

ಕೊನೆಯ ಅರ್ಧ ಗಂಟೆ ಎಳೆದರು ಅನಿಸಿತು. ನನಗೆ ಮಾತ್ರನಾ?

ನಿಮಗೆ ಮಾತ್ರ ಅಲ್ಲ. ಟ್ರೈಲರ್ ದೂರಿನ ನಂತರ ಜಾಸ್ತಿ ಕೇಳಿಬರುವುದು ಇದೇ.

ಅಬಿಗೇಲ್ ಇಷ್ಟು ಹೊತ್ತು ನಮಗೆ ಬೇಕಾದ ಖಳನಾಯಕಿ. ಕೊನೆಗೆ ಅವಳನ್ನು ಪಕ್ಕಕ್ಕೆ ಸರಿಸಿ ಫ್ರಾಂಕ್‌ನನ್ನು ವ್ಯಾಂಪೈರ್ ಮಾಡಿ ಎದುರಿಗೆ ನಿಲ್ಲಿಸುತ್ತಾರೆ. ಡ್ಯಾನ್ ಸ್ಟೀವನ್ಸ್ ಕೊಬ್ಬಿದ ಮಾಜಿ ಪೊಲೀಸನಾಗಿ ಚೆನ್ನಾಗಿಯೇ ಮಾಡಿದ್ದಾರೆ, ಹೊಸ ಶಕ್ತಿ ಸಿಕ್ಕ ಖುಷಿಯಲ್ಲಿ ಆತ ಮೆರೆಯುವುದೂ ತಮಾಷೆಯಾಗಿದೆ. ಆದರೆ ಆಗಷ್ಟೇ ಹಲ್ಲು ಮೂಡಿದವನು ನೂರಾರು ವರ್ಷ ಬದುಕಿದವಳಿಗೆ ಸರಿಸಾಟಿಯಾಗಿ ಹೊಡೆದಾಡುತ್ತಾನೆ ಅಂದರೆ ಒಪ್ಪಿಕೊಳ್ಳುವುದು ಕಷ್ಟ. ಹೊಡೆದಾಟ ಮುಗಿಯಿತು ಅಂದುಕೊಳ್ಳುವಾಗ ಇನ್ನೊಂದು ಸುತ್ತು, ಅದೂ ಮುಗಿಯಿತು ಅನ್ನುವಾಗ ಅಪ್ಪ ಬರುತ್ತಾನೆ.

ಅಪ್ಪ ಬರುವುದು ಬೇಕಿತ್ತಾ?

ನನ್ನ ಪ್ರಕಾರ ಬೇಕಿತ್ತು. ಹೆಸರು ಕೇಳಿಯೇ ಕಳ್ಳರು ನಡುಗಿದ ಕ್ರಿಸ್ಟೋಫ್ ಲಾಜಾರ್ ಬರದೇ ಹೋಗಿದ್ದರೆ ಬಾಕಿ ಉಳಿಸಿಕೊಂಡ ಹಾಗಾಗುತ್ತಿತ್ತು. ಮ್ಯಾಥ್ಯೂ ಗೂಡ್ ಬಂದು ನಿಂತು ಮೆತ್ತಗೆ ಮಾತಾಡುತ್ತಾರೆ. ಸಿನಿಮಾದಲ್ಲಿ ನಿಜವಾದ ಹೆದರಿಕೆ ಇರುವುದು ಆ ಎರಡು ನಿಮಿಷದಲ್ಲಿ. ಮಗಳು ಅಪ್ಪನ ಎದುರು ಜೋಯಿಯ ಪರ ನಿಲ್ಲುತ್ತಾಳೆ. ವರ್ಷಗಟ್ಟಲೆ ತನ್ನತ್ತ ತಿರುಗಿ ನೋಡದ ಅಪ್ಪನಿಗಾಗಿಯೇ ಅವಳು ಅವನ ಶತ್ರುಗಳನ್ನು ಬಂಗಲೆಗೆ ಕರೆಸಿಕೊಂಡು ಕೊಲ್ಲುತ್ತಿದ್ದಳು ಅನ್ನುವುದು ನೆನಪಿದ್ದರೆ ಈ ದೃಶ್ಯದ ತೂಕ ಗೊತ್ತಾಗುತ್ತದೆ. ಮಗನನ್ನು ಬಿಟ್ಟು ಬಂದ ತಾಯಿ, ಅಪ್ಪ ಕೈಬಿಟ್ಟ ಮಗಳು. ಇಬ್ಬರೂ ಒಂದಾಗಿದ್ದು ಇದಕ್ಕೇ. ‘ಭಾವುಕತೆ ಜಾಸ್ತಿ ಆಯ್ತು’ ಅಂದವರಿದ್ದಾರೆ. ಅಷ್ಟೊಂದು ರಕ್ತ ಹರಿಸಿದ ಮೇಲೆ ಇಷ್ಟು ಭಾವುಕತೆಗೆ ಜಾಗ ಇರಲಿ ಬಿಡಿ.

ಎರಡನೇ ಸಲ ನೋಡಲು ಏನಾದರೂ ಇದೆಯಾ?

ಇದೆ, ಅದೂ ಮೊದಲ ಅರ್ಧದಲ್ಲಿ. ಜೋಯಿ ಎಲ್ಲರ ಹಿನ್ನೆಲೆಯನ್ನು ಮುಖ ನೋಡಿಯೇ ಹೇಳುವ ದೃಶ್ಯವನ್ನು ಇನ್ನೊಮ್ಮೆ ಗಮನಿಸಿ. ಯಾರನ್ನೂ ಸುಮ್ನೆ ಆರಿಸಿದ್ದಲ್ಲ ಅಂತ ಗೊತ್ತಿದ್ದು ನೋಡಿದರೆ ಆ ಮಾತುಗಳೇ ಬೇರೆ. ಹೊಡೆದಾಟದ ಭಾಗಗಳು ಎರಡನೇ ಸಲಕ್ಕೆ ಅಷ್ಟೇನೂ ರುಚಿಸುವುದಿಲ್ಲ.

ಇಷ್ಟ ಆಯಿತು. ಇದೇ ಥರದ್ದು ಇನ್ನೇನಿದೆ?

ರಕ್ತ ಮತ್ತು ನಗು ಎರಡೂ ಇದೇ ಅಳತೆಯಲ್ಲಿ ಬೇಕಿದ್ದರೆ ‘ರೆಡಿ ಆರ್ ನಾಟ್’. ಇದಕ್ಕಿಂತ ಬಿಗಿಯಾಗಿದೆ, ಕೊನೆ ಇನ್ನೂ ಚೆನ್ನಾಗಿದೆ. ಕಳ್ಳರ ಕಥೆ ವ್ಯಾಂಪೈರ್ ಕಥೆಯಾಗಿ ತಿರುಗುವುದು ಇಷ್ಟ ಆಗಿದ್ದರೆ ‘ಫ್ರಮ್ ಡಸ್ಕ್ ಟಿಲ್ ಡಾನ್’. ರಕ್ತ ಕಮ್ಮಿ ಇರಲಿ, ನಗು ಜಾಸ್ತಿ ಇರಲಿ ಅನ್ನುವವರಿಗೆ ನ್ಯೂಜಿಲೆಂಡ್‌ನ 2014ರ ‘ವಾಟ್ ವಿ ಡೂ ಇನ್ ದ ಶ್ಯಾಡೋಸ್’. ಒಂದೇ ಮನೆಯಲ್ಲಿ ಬಾಡಿಗೆಗಿರುವ ವ್ಯಾಂಪೈರ್‌ಗಳು ಪಾತ್ರೆ ತೊಳೆಯುವ ಸರದಿ ಯಾರದ್ದು ಅಂತ ಜಗಳ ಆಡುತ್ತಾರೆ. ಇವುಗಳಲ್ಲಿ ಯಾವುದರ ಟ್ರೈಲರನ್ನೂ ಮೊದಲು ನೋಡಬೇಡಿ.